ಸತ್ತು ಬದುಕುವ ನಾಯಿಕೊಡೆಯ ಕುಲಗೋತ್ರ

ರಾತ್ರೋರಾತ್ರಿ ಹುಟ್ಟಿ ಮರುದಿನವೇ ಇಲ್ಲವಾಗುವುದಕ್ಕೆ ನಾವು ನಾಯಿಕೊಡೆಯನ್ನು ಹೋಲಿಸುತ್ತೇವೆ. ಆದರೆ ಎಲ್ಲ ನಾಯಿಕೊಡೆಗಳೂ ಅಷ್ಟು ಅಲ್ಪಾಯುಗಳಲ್ಲ. ಮಳೆ ಬಿದ್ದ ಮರುದಿನ ಕಾಡಿನಲ್ಲಿ ಬಗ್ಗಿ ನೋಡಿದರೆ ತರಗೆಲೆಗಳ ಮೇಲೆ, ಒಣಕಡ್ಡಿಗಳ ಮೇಲೆ ಅಂಗಿಯ ಗುಂಡಿಗಿಂತ ಚಿಕ್ಕದಾದ ಅಣಬೆಗಳು ಕಾಣುತ್ತವೆ. ದಂಟು ಕುದುರೆಯ ಬಾಲದ ಕೂದಲಿನಷ್ಟು ತೆಳು. ಬಿಸಿಲೇರಿದರೆ ಇವು ಕೊಳೆಯುವುದಿಲ್ಲ. ಮುದುಡಿ ಒಣಗಿ, ಇದ್ದೂ ಇಲ್ಲದಂತಾಗುತ್ತವೆ. ಮತ್ತೊಂದು ಮಳೆ ಬಂದರೆ ಅದೇ ಕೊಡೆ ನೀರು ಹೀರಿ ಬಿಚ್ಚಿಕೊಳ್ಳುತ್ತದೆ, ಮತ್ತೆ ಬೀಜಾಣುಗಳನ್ನು ಉದುರಿಸುತ್ತದೆ.

ಹೀಗೆ ಸತ್ತು ಬದುಕುವ ಗುಣವೇ ಇವುಗಳ ಕುಲದ ಗುರುತು ಎಂದು ವಿಜ್ಞಾನಿಗಳು ಬಹುಕಾಲ ನಂಬಿದ್ದರು. ಆ ನಂಬಿಕೆ ಹುಟ್ಟಿದ್ದು, ಬೆಳೆದದ್ದು, ಕೊನೆಗೆ ಸಡಿಲಗೊಂಡದ್ದು ಯೂರೋಪಿನ ಎರಡು ಪುಟ್ಟ ಅಣಬೆಗಳ ಕಥೆಯಲ್ಲಿ ಚೆನ್ನಾಗಿ ಕಾಣುತ್ತದೆ.

ಮೊದಲನೆಯದಕ್ಕೆ ಹೆಸರಿಟ್ಟವನು ಸ್ವೀಡನ್ನಿನ ಲಿನೇಯಸ್. ಸಸ್ಯಗಳಿಗೆ ಎರಡು ಪದಗಳ ಹೆಸರು ಕೊಡುವ ಪದ್ಧತಿಯನ್ನು ನೆಲೆಗೊಳಿಸಿದ 1753ರ ತನ್ನ ಗ್ರಂಥದಲ್ಲಿ ಅವನು ಇದನ್ನು 'ಅಗಾರಿಕಸ್ ಆಂಡ್ರೊಸೇಸಿಯಸ್' ಎಂದು ಕರೆದ. ಪೈನ್ ಮರದ ಉದುರಿದ ಸೂಜಿ ಎಲೆಗಳ ಮೇಲೆ ಬೆಳೆಯುವ, ಕಪ್ಪು ಕೂದಲಿನಂಥ ದಂಟಿನ ಅಣಬೆ ಇದು. ಎರಡನೆಯದಕ್ಕೆ ಹೆಸರು ಕೊಟ್ಟವನು ಇಂದಿನ ಸ್ಲೊವೇನಿಯಾದ ಇಡ್ರಿಯಾ ಎಂಬಲ್ಲಿ ಪಾದರಸದ ಗಣಿಯ ಕಾರ್ಮಿಕರಿಗೆ ವೈದ್ಯನಾಗಿದ್ದ ಸ್ಕೊಪೊಲಿ. 1772ರಲ್ಲಿ ಅವನು ಇಟ್ಟ ಹೆಸರು 'ಅಗಾರಿಕಸ್ ರೋಟುಲ'. ರೋಟುಲ ಎಂದರೆ ಲ್ಯಾಟಿನ್ನಿನಲ್ಲಿ ಪುಟ್ಟ ಗಾಲಿ. ಆಗ ಕೊಡೆಯ ಕೆಳಗೆ ತೆಳು ಪದರಗಳಿರುವ ಅಣಬೆಗಳೆಲ್ಲ ಅಗಾರಿಕಸ್ ಎಂಬ ಒಂದೇ ದೊಡ್ಡ ಕುಲಕ್ಕೆ ಸೇರುತ್ತಿದ್ದವು. ಮೀನಿನ ಕಿವಿರಿನಂತೆ ಕಾಣುವುದರಿಂದ ಆ ಪದರಗಳಿಗೆ ಕಿವಿರು ಎಂದೇ ಹೆಸರು.

ಈ ದೊಡ್ಡ ಗುಂಪನ್ನು ಒಡೆದು ಒಪ್ಪ ಮಾಡಿದವನು ಸ್ವೀಡನ್ನಿನವನೇ ಆದ ಎಲಿಯಾಸ್ ಫ್ರೀಸ್ (1794-1878). ಬರಿಗಣ್ಣಿಗೆ ಕಾಣುವ ಲಕ್ಷಣಗಳು, ಬೀಜಾಣು ಪುಡಿಯ ಬಣ್ಣ ಇವೇ ಅವನ ಮುಖ್ಯ ಆಧಾರಗಳು. 1838ರಲ್ಲಿ ಅವನು ಒಣಗಿ ಮರಳಿ ಅರಳುವ ಅಣಬೆಗಳನ್ನೆಲ್ಲ ಬೇರ್ಪಡಿಸಿ 'ಮರಾಸ್ಮಿಯಸ್' ಎಂಬ ಕುಲ ಕಟ್ಟಿದ. ಒಣಗಿ ಸೊರಗುವುದು ಎಂಬರ್ಥದ ಗ್ರೀಕ್ ಪದದಿಂದ ಬಂದ ಹೆಸರು ಅದು. ಕೂದಲು ದಂಟಿನ ಅಣಬೆಯೂ ಪುಟ್ಟ ಗಾಲಿಯೂ ಒಂದೇ ಮನೆಯ ಮಕ್ಕಳಾದವು.

ಎರಡನ್ನೂ ಅಕ್ಕಪಕ್ಕ ಇಟ್ಟು ತಿರುಗಿಸಿ ನೋಡಿದರೆ ಒಂದು ವ್ಯತ್ಯಾಸ ಕಾಣುತ್ತದೆ. ಗಾಲಿ ಅಣಬೆಯ ಕಿವಿರುಗಳು ದಂಟನ್ನು ಮುಟ್ಟುವುದಿಲ್ಲ. ದಂಟಿನ ಸುತ್ತ ಬಳೆಯಂಥ ಒಂದು ಉಂಗುರವಿದ್ದು, ಬಂಡಿಯ ಚಕ್ರದ ಅರಗಳು ಗುಂಬಕ್ಕೆ ಸೇರುವಂತೆ ಅವು ಆ ಉಂಗುರಕ್ಕೆ ಸೇರುತ್ತವೆ. ಕೂದಲು ದಂಟಿನ ಅಣಬೆಯಲ್ಲಿ ಉಂಗುರವಿಲ್ಲ; ಕಿವಿರುಗಳು ನೇರವಾಗಿ ದಂಟಿಗೇ ಅಂಟಿಕೊಂಡಿರುತ್ತವೆ. ಒಂದು ಮನೆಯ ಮಕ್ಕಳಲ್ಲಿ ಇಷ್ಟು ವ್ಯತ್ಯಾಸ ಸಹಜವೇ ಎಂದು ಇದನ್ನು ತಳ್ಳಿಹಾಕಬಹುದಿತ್ತು.

ಆದರೆ ಸೂಕ್ಷ್ಮದರ್ಶಕ ಹೇಳಿದ್ದು ಬೇರೆ. ಗಾಲಿ ಅಣಬೆಯ ಕೊಡೆಯ ಮೇಲ್ಚರ್ಮದಲ್ಲಿ ಜೀವಕೋಶಗಳು ಒಂದರ ಪಕ್ಕ ಒಂದು ನೆಟ್ಟಗೆ ನಿಂತಿರುತ್ತವೆ. ಒಂದೊಂದರ ತಲೆಯ ಮೇಲೂ ಪೊರಕೆಯ ಕಡ್ಡಿಗಳಂತೆ ಸಣ್ಣ ಮುಳ್ಳುಗಳು. ಇಪ್ಪತ್ತನೆಯ ಶತಮಾನದ ಹೆಸರಾಂತ ಅಣಬೆ ತಜ್ಞ ರೋಲ್ಫ್ ಸಿಂಗರ್ (1906-1994) ಮೊದಲಾದವರು ಮರಾಸ್ಮಿಯಸ್ ಕುಲವನ್ನು ವಿಭಾಗಿಸುವಾಗ ಈ ಪೊರಕೆ ಕೋಶಗಳ ಆಕಾರಕ್ಕೆ ಬಹಳ ಬೆಲೆ ಕೊಟ್ಟರು. ಕೂದಲು ದಂಟಿನ ಅಣಬೆಯಲ್ಲಾದರೋ ಮೇಲ್ಚರ್ಮದ ಕೋಶಗಳು ಸಾಲಾಗಿ ನಿಂತಿರುವುದಿಲ್ಲ. ಕವಲೊಡೆದ ಎಳೆಗಳು ಅಡ್ಡಾದಿಡ್ಡಿಯಾಗಿ ಹೆಣೆದುಕೊಂಡಿರುತ್ತವೆ. 1987ರಲ್ಲಿ ಚೆಕ್ ವಿಜ್ಞಾನಿ ವ್ಲಾದಿಮಿರ್ ಅಂತೋನಿನ್ ಇದನ್ನು ಹಳೆಯ ಮನೆಯಿಂದ ಹೊರತೆಗೆದು 'ಸೆಟುಲಿಪಿಸ್' ಎಂಬ ಹೊಸ ಕುಲದಲ್ಲಿ ಇರಿಸಿದರು.

ಅಲ್ಲಿಗೂ ಮುಗಿಯಲಿಲ್ಲ. ಅಣಬೆಗಳ ಡಿಎನ್ಎ ಓದುವುದು ಸಾಧ್ಯವಾದ ಮೇಲೆ ನೆಂಟಸ್ತಿಕೆಯನ್ನು ರೂಪದಿಂದಲ್ಲ, ವಂಶದ ಬರಹದಿಂದಲೇ ಪರೀಕ್ಷಿಸಬಹುದಾಯಿತು. 2005ರಲ್ಲಿ ಆಂಡ್ರ್ಯೂ ವಿಲ್ಸನ್ ಮತ್ತು ಡೆನ್ನಿಸ್ ಡೆಸ್ಜಾರ್ಡಿನ್ ಇಂಥ ಅಣಬೆಗಳ ವಂಶವೃಕ್ಷವನ್ನು ಪ್ರಕಟಿಸಿದರು. ಈ ಬಗೆಯ ಅಧ್ಯಯನಗಳಿಂದ ತಿಳಿದದ್ದೇನೆಂದರೆ, ಕೂದಲು ದಂಟಿನ ಅಣಬೆಯ ನಿಜವಾದ ಬಳಗ 'ಜಿಮ್ನೋಪಸ್' ಎಂಬ ಕುಲದವರು. ಗಾಲಿ ಅಣಬೆ ಮಾತ್ರ ಮರಾಸ್ಮಿಯಸ್ ಆಗಿಯೇ ಉಳಿಯಿತು. ಇಂದು ಎರಡೂ ಬೇರೆ ಕುಲಗಳು ಮಾತ್ರವಲ್ಲ, ಬೇರೆ ಕುಟುಂಬಗಳೇ. ಬರಗಾಲವನ್ನು ಒಣಗಿ ಕಳೆದು ಮಳೆಗೆ ಎದ್ದು ನಿಲ್ಲುವ ಉಪಾಯ ಒಂದೇ ವಂಶದ ಆಸ್ತಿಯಾಗಿರಲಿಲ್ಲ.

ಕಪ್ಪು ಕೂದಲಿನ ಮಾತೂ ಹಾಗೆಯೇ. ಭಾರತ ಮತ್ತು ಶ್ರೀಲಂಕಾಗಳ ಚಹಾ ತೋಟಗಳಲ್ಲಿ ಗಿಡದ ರೆಂಬೆಗಳಿಗೆ ಕಪ್ಪು ಎಳೆಗಳು ಸುತ್ತಿಕೊಳ್ಳುವ ಒಂದು ರೋಗವುಂಟು. ಅದಕ್ಕೆ ಕಾರಣವಾದ ಅಣಬೆ 'ಮರಾಸ್ಮಿಯಸ್ ಕ್ರಿನಿಸ್-ಈಕ್ವಿ'. ಲ್ಯಾಟಿನ್ ಪದಗಳ ಅರ್ಥವೇ ಕುದುರೆ ಕೂದಲು. ಪೈನ್ ಎಲೆಯ ಅಣಬೆಯೂ ಇಂಥದೇ ಎಳೆಗಳನ್ನು ಬಿಡುತ್ತದೆ. ನೋಡಲು ಒಂದೇ ತೆರನಾದರೂ ಇವೆರಡೂ ಹತ್ತಿರದ ನೆಂಟರಲ್ಲ. ರೋಗದ ಮೂಲ ಹುಡುಕುವವನು ಎಳೆಯನ್ನಷ್ಟೇ ನೋಡಿ ಹೆಸರು ಹೇಳಿದರೆ ತಪ್ಪು ದಾರಿ ಹಿಡಿಯುತ್ತಾನೆ.

ಹಾಗೆಂದು ಕಣ್ಣಿನ ಕೆಲಸ ಮುಗಿಯಿತೆಂದಲ್ಲ. ಡಿಎನ್ಎ ಪರೀಕ್ಷೆಗೆ ಹೋಗುವ ಅಣಬೆಯನ್ನು ಮೊದಲು ಯಾರಾದರೂ ಬಗ್ಗಿ ನೋಡಿ ಎತ್ತಬೇಕು. ಕಿವಿರುಗಳು ದಂಟಿಗೆ ಸೇರಿವೆಯೇ, ಉಂಗುರಕ್ಕೆ ಸೇರಿವೆಯೇ, ಅವು ಎಷ್ಟಿವೆ ಎಂದು ಬರೆದುಕೊಳ್ಳಬೇಕು. ಕೊಡೆಯನ್ನು ಕಾಗದದ ಮೇಲೆ ಬೋರಲು ಹಾಕಿ ಲೋಟ ಮುಚ್ಚಿ ರಾತ್ರಿ ಕಳೆದರೆ ಬೀಜಾಣು ಪುಡಿಯ ಬಣ್ಣ ತಿಳಿಯುತ್ತದೆ. ಮರಾಸ್ಮಿಯಸ್‌ನಲ್ಲಿ ಅದು ಬಿಳಿ. ಎಲ್ಲಕ್ಕಿಂತ ಮುಖ್ಯವಾಗಿ, ಅದು ಬೆಳೆದ ಎಲೆಯನ್ನೂ ಜೊತೆಗೇ ತರಬೇಕು. ಯೂರೋಪಿನ 'ಮರಾಸ್ಮಿಯಸ್ ಹಡ್ಸೋನಿ' ಎಂಬ ಕಿರು ಅಣಬೆ ಬೆಳೆಯುವುದು ಹಾಲಿ ಮರದ ಉದುರಿದ ಎಲೆಗಳ ಮೇಲೆ. ಎಲೆಯನ್ನು ಎಸೆದು ಅಣಬೆಯನ್ನಷ್ಟೇ ತಂದವನು ಅರ್ಧ ವಿಳಾಸವನ್ನು ಕಾಡಿನಲ್ಲೇ ಬಿಟ್ಟು ಬಂದಂತೆ.

ಅಡುಗೆಗೂ ಬಾರದ ಈ ಪುಟ್ಟ ಜೀವಿಗಳಿಗೆ ಇಷ್ಟೆಲ್ಲ ಏಕೆ? ಎಲೆ, ಕಡ್ಡಿಗಳಿಗೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ವಸ್ತುವನ್ನು ಕರಗಿಸಬಲ್ಲ ಜೀವಿಗಳು ಕೆಲವೇ. ಅವುಗಳಲ್ಲಿ ಇವೂ ಸೇರಿವೆ. ತರಗೆಲೆ ಮಣ್ಣಾಗಿ ಮರದ ಬೇರಿಗೆ ಮರಳುವುದು ಇವುಗಳ ದುಡಿಮೆಯಿಂದ. ಯಾವ ಎಲೆಯನ್ನು ಯಾವುದು ಕರಗಿಸುತ್ತದೆ ಎಂದು ಹೇಳಬೇಕಾದರೆ ಮೊದಲು ಅದಕ್ಕೊಂದು ಸರಿಯಾದ ಹೆಸರು ಬೇಕು. ಆದರೆ ಜಗತ್ತಿನಲ್ಲಿ 22 ಲಕ್ಷದಿಂದ 38 ಲಕ್ಷ ಶಿಲೀಂಧ್ರ ಪ್ರಭೇದಗಳಿರಬಹುದು ಎಂಬುದು 2017ರ ಒಂದು ಅಂದಾಜು. ಹೆಸರು ಪಡೆದಿರುವವು ಸುಮಾರು ಒಂದೂವರೆ ಲಕ್ಷ ಮಾತ್ರ. ಉಳಿದವು ಹೆಸರಿಲ್ಲದೆಯೇ ದುಡಿಯುತ್ತಿವೆ, ಕಾಡು ಬರಿದಾದಲ್ಲಿ ಹೆಸರಿಲ್ಲದೆಯೇ ಅಳಿಯುತ್ತಿವೆ.

ಪೈನ್ ಎಲೆಯ ಅಣಬೆ ಅಗಾರಿಕಸ್, ಮರಾಸ್ಮಿಯಸ್, ಸೆಟುಲಿಪಿಸ್, ಜಿಮ್ನೋಪಸ್ ಎಂದು ನಾಲ್ಕು ಮನೆ ಬದಲಿಸಿತು. ಆದರೆ 1753ರಲ್ಲಿ ಸಿಕ್ಕ 'ಆಂಡ್ರೊಸೇಸಿಯಸ್' ಎಂಬ ಸ್ವಂತ ಹೆಸರು ಮಾತ್ರ ಪ್ರತಿ ಮನೆಗೂ ಜೊತೆಯಲ್ಲೇ ಬಂತು. ಗೋತ್ರ ಬದಲಾಗುತ್ತ ಹೋದರೂ, ಮೊದಲು ನೋಡಿ ಗುರುತಿಟ್ಟವನ ಮಾತನ್ನು ವಿಜ್ಞಾನ ಅಳಿಸಿಲ್ಲ.