ಕ್ಯಾಂಪಸ್ಸಿನೊಳಗೊಂದು ಅರಮನೆ

ತ್ಯಾವಣಿಗೆಯವರೇ, ಮನೇಲಿ ಅಜ್ಜನ ಡಿಗ್ರಿ ಸರ್ಟಿಫಿಕೇಟ್ ಇದ್ರೆ ತೆಗೆದು ನೋಡಿ. ಮೈಸೂರು ವಿಶ್ವವಿದ್ಯಾಲಯದ ಗಂಡಭೇರುಂಡ ಕಾಣಬಹುದು! 1987ರಲ್ಲಿ ಕುವೆಂಪು ವಿವಿ ಶುರುವಾಗೋ ತನಕ ನಮ್ಮ ಚನ್ನಗಿರಿ ಸೀಮೆಗೂ ಅದೇ ವಿಶ್ವವಿದ್ಯಾಲಯ.

ಅದರ ಮಾನಸಗಂಗೋತ್ರಿ ಕ್ಯಾಂಪಸ್‌ನಲ್ಲಿ ಒಂದು ಅರಮನೆನೇ ಇದೆ: ಜಯಲಕ್ಷ್ಮೀವಿಲಾಸ. ಚಾಮರಾಜೇಂದ್ರ ಒಡೆಯರ ಹಿರಿಮಗಳು ಜಯಲಕ್ಷ್ಮಮ್ಮಣ್ಣಿಯವರಿಗಾಗಿ 1905ರಲ್ಲಿ ಕಟ್ಟಿಸಿದ್ದು.

1959ರಲ್ಲಿ, ಕುವೆಂಪು ಕುಲಪತಿಯಾಗಿದ್ದಾಗ, 10 ಲಕ್ಷ ರೂಪಾಯಿಗೆ ಇದು ವಿಶ್ವವಿದ್ಯಾಲಯದ ಪಾಲಾಯ್ತು. ಮುಂದೆ ಅಲ್ಲಿ ಜಾನಪದ ವಸ್ತುಸಂಗ್ರಹಾಲಯ ಬಂತು. ಕಲ್ಯಾಣ ಮಂಟಪ, ಬಣ್ಣದ ಗಾಜು, ಕೆತ್ತನೆ ಬಾಗಿಲುಗಳ ಆ ಮನೆಗೆ ತೊಗಲುಗೊಂಬೆ, ಯಕ್ಷಗಾನದ ಕಿರೀಟ, ಹಳ್ಳಿಮನೆಯ ಪಾತ್ರೆ-ಪಗಡಗಳೆಲ್ಲ ಬಂದು ಸೇರಿದವು.

ರಾಜಕುಮಾರಿಗೆ ಕಟ್ಟಿದ ಮನೇಲಿ ರೈತಾಪಿ ಜನರ ಸಾಮಾನಿಗೂ ಜಾಗ ಸಿಕ್ತು. ನಿಮ್ಮಜ್ಜ ಯಾವ ಕಾಲೇಜು? ಕಾಮೆಂಟ್‌ನಲ್ಲಿ ಹೇಳಿ!