ಹಿಂದೆ ಬಿದ್ದವನು ರಾಜನಾದ್ರೆ ಓಕೆನಾ?

ಇವತ್ತು ಒಂದು ಫೇರಿ ಲವ್ ಸ್ಟೋರಿ: ಅಮೆರಿಕದ ಲೇಖಕಿ ಮೆಲಿಸ್ಸಾ ಮಾರ್ ಅವರ 'ವಿಕೆಡ್ ಲವ್ಲಿ'. 2007ರಲ್ಲಿ ಬಂದ ಕಾದಂಬರಿ. ಸ್ಪಾಯ್ಲರ್ ಇದೆ, ಈಗ್ಲೇ ಹೇಳಿಬಿಡ್ತೀನಿ.

ಫೇರಿ ಅಂದ್ರೆ ರೆಕ್ಕೆ ಕಟ್ಟಿಕೊಂಡ ಪುಟಾಣಿ ಕಿನ್ನರಿ ಅಂದ್ಕೋಬೇಡಿ. ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯ ಹಳ್ಳಿಗರು ಇವರಿಗೆ ಹೆದರ್ತಿದ್ರು. ಹೆಸರೆತ್ತೋಕೂ ಭಯಪಟ್ಟು 'ಒಳ್ಳೆಯವರು' ಅಂತಿದ್ರು, ನಮ್ಮಲ್ಲಿ ಸಿಡುಬಿಗೆ 'ಅಮ್ಮ' ಅಂದ ಹಾಗೆ. ಕಬ್ಬಿಣ ಅಂದ್ರೆ ಅವರಿಗೆ ಆಗಿಬರಲ್ಲ. ಬಾಣಂತಿ ಕೋಣೆಯಲ್ಲಿ ನಮ್ಮಜ್ಜಿಯರು ಕಬ್ಬಿಣದ ಚೂರಿ ಇಡ್ತಿದ್ದದ್ದು ನೆನಪಾಯ್ತಾ? ಮಾರ್ ಈ ಹಳೇ ನಂಬಿಕೆಯನ್ನೇ ಇವತ್ತಿನ ಸಿಟಿಗೆ ತಂದಿದ್ದಾರೆ. ನಾಯಕಿಯ ಗೆಳೆಯ ಸೇತ್ ಇರೋದು ಹಳೇ ರೈಲು ಬೋಗಿಯಲ್ಲಿ. ಸುತ್ತ ಉಕ್ಕು, ಹೆಚ್ಚಿನ ಫೇರಿಗಳು ಹತ್ತಿರ ಸುಳಿಯಲ್ಲ. ಸೇಫ್!

ನಾಯಕಿ ಆಯ್ಷ್ಲಿನ್ ಹೈಸ್ಕೂಲ್ ಹುಡುಗಿ. ಯಾರಿಗೂ ಕಾಣದ ಫೇರಿಗಳು ಅವಳಿಗೆ ಕಾಣ್ತಾರೆ. ಅಜ್ಜಿ ಹೇಳಿಕೊಟ್ಟ ರೂಲ್ಸು: ದಿಟ್ಟಿಸಬೇಡ, ಮಾತಾಡಬೇಡ, ಅವರ ಕಣ್ಣಿಗೆ ಬೀಳಬೇಡ. ಆದ್ರೆ ಬೇಸಿಗೆಯ ರಾಜ ಕೀನನ್ ಅವಳ ಹಿಂದೆ ಬೀಳ್ತಾನೆ, ಅವಳ ಸ್ಕೂಲಿಗೇ ಸೇರ್ತಾನೆ. ಶತಮಾನಗಳಿಂದ ಅವನು ತನ್ನ ರಾಣಿಯನ್ನ ಹುಡುಕ್ತಿದ್ದಾನೆ. ಅವನ ಶಕ್ತಿ ಕಟ್ಟಿಹಾಕಿದ್ದು ಅವನ ತಾಯಿ, ಚಳಿಗಾಲದ ರಾಣಿ ಬೈರಾ.

ಈಗ ಷರತ್ತು ಕೇಳಿ. ಒಪ್ಪಿದ ಹುಡುಗಿ ಬೈರಾಳ ಕೋಲು ಎತ್ತಬೇಕು. ಅವಳು ನಿಜವಾದ ರಾಣಿ ಅಲ್ಲದಿದ್ರೆ, ಮುಂದಿನ ಹುಡುಗಿ ಬರೋವರೆಗೂ ಮೈಯೊಳಗೆ ಚಳಿ ಹೊತ್ತು ಬದುಕಬೇಕು. ಡೋನಿಯಾ ಅನ್ನೋಳು ಹಾಗೇ ಬದುಕ್ತಿದ್ದಾಳೆ, ಅವನನ್ನ ಪ್ರೀತಿಸ್ತಾನೇ. ಕೋಲು ಮುಟ್ಟಲ್ಲ ಅಂದವರು ಅವನ ಹಿಂಬಾಲಕಿಯರಾಗಿ ಉಳೀತಾರೆ. ಒಟ್ನಲ್ಲಿ 'ಬೇಡ' ಅಂದ್ರೂ ವಾಪಸ್ ಮನೆಗೆ ಹೋಗೋ ದಾರಿ ಇಲ್ಲ.

ಬಿಕಾಂನಲ್ಲಿ 1872ರ ಕಾಂಟ್ರ್ಯಾಕ್ಟ್ ಆಕ್ಟ್ ಉರು ಹೊಡೆದವಳಿಗೆ ಇಲ್ಲಿ ಕಿವಿ ನೆಟ್ಟಗಾಗುತ್ತೆ. ಸೆಕ್ಷನ್ 14 ಕೇಳೋದು ಮುಕ್ತ ಒಪ್ಪಿಗೆ. ಒತ್ತಡ, ಮೋಸ, ತಪ್ಪು ಮಾಹಿತಿ ಇದ್ರೆ ಅದು ಮುಕ್ತ ಅಲ್ಲ. ಮೇಲುಗೈ ಇರೋನು ಆ ಬಲವನ್ನ ಬಳಸಿ ಒಪ್ಪಿಸಿದ್ರೆ ಸೆಕ್ಷನ್ 16. ಕುಡಿದ ಅಮಲಿನಲ್ಲಿ ಏನು ಒಪ್ತಿದ್ದೀವಿ ಅಂತ ತಿಳಿಯದಿದ್ರೆ ಸೆಕ್ಷನ್ 12. ಕಾದಂಬರಿಯ ಜಾತ್ರೆ ದೃಶ್ಯ ಓದಿ: ಕೀನನ್ ಕೊಟ್ಟ ಫೇರಿಗಳ ವೈನ್ ಕುಡಿದು, ಕುಣಿದು, ಬೆಳಿಗ್ಗೆ ಎದ್ರೆ ಅವಳಿಗೆ ರಾತ್ರಿಯದ್ದು ಸರಿಯಾಗಿ ನೆನಪೇ ಇಲ್ಲ. ಹೆದರಿ ಓಡೋದು ಸೇತ್ ಹತ್ರ. ರೊಮ್ಯಾಂಟಿಕ್ ಅಂತ ಮೆಚ್ಚಿಕೊಳ್ಳೋರಿದ್ದಾರೆ. ನನಗೆ ಮೈ ಉರೀತು.

ಯಾಕಂದ್ರೆ ಬೈಕಲ್ಲಿ ಕಾಲೇಜು ಗೇಟ್‌ವರೆಗೂ ಹಿಂಬಾಲಿಸೋನೇ ಹೀರೋ ಅನ್ನೋ ಸಿನಿಮಾ ನೋಡ್ಕೊಂಡೇ ನಾವೆಲ್ಲ ಬೆಳೆದದ್ದು. ಮೂರನೇ ಹಾಡಿಗೆ ಅವಳು ನಕ್ಕುಬಿಡ್ತಾಳೆ, ಮುಗೀತು. ಈ ಪ್ರಕಾರದ ಎಷ್ಟೋ ಕಾದಂಬರಿಗಳೂ ಅಷ್ಟೇ, ಹುಡುಗನಿಗೆ ಸಾವಿರ ವರ್ಷ ವಯಸ್ಸು, ಒಳ್ಳೇ ಕೂದಲು ಇದ್ರೆ ಹಿಂಬಾಲಿಸೋದು 'ವಿಧಿ' ಆಗಿಬಿಡುತ್ತೆ.

ಮಾರ್ ಬೇರೆ ಕಡೆ ತಿರುಗ್ತಾರೆ. ಆಯ್ಷ್ಲಿನ್ ಮೈಯಲ್ಲಿ ಬದಲಾವಣೆ ಆಗ್ಲೇ ಶುರುವಾಗಿದೆ, ಪೂರ್ತಿ ಮನುಷ್ಯಳಾಗಿ ಉಳಿಯೋಕೆ ಆಗಲ್ಲ. ಹಾಗಾಗಿ ಅವಳು ಅಳ್ತಾ ಕೂರದೆ ಚೌಕಾಸಿಗೆ ಕೂರ್ತಾಳೆ. ರಾಣಿ ಕೆಲಸ ಮಾಡ್ತೀನಿ, ಆದ್ರೆ ಅದು ಕೆಲಸ ಮಾತ್ರ. ಸೇತ್ ನನ್ನ ಜೊತೆಗೇ ಇರ್ತಾನೆ, ಸ್ಕೂಲ್ ಬಿಡಲ್ಲ. ಕೀನನ್ ಒಪ್ಪಲೇಬೇಕಾಗುತ್ತೆ. ಆಮೇಲೇ ಅವಳು ಕೋಲು ಎತ್ತೋದು.