ಎರಡು ವಿಂಡೋಗಳ ನಡುವಿನ ಮಾತುಕತೆ

ಕೆಲವು ಆನ್‌ಲೈನ್ ಅರ್ಜಿಗಳಲ್ಲಿ ಒಂದು ಗುಂಡಿ ಒತ್ತಿದರೆ ಚಿಕ್ಕ ವಿಂಡೋ ತೆರೆಯುತ್ತದೆ. ಅದರಲ್ಲಿ ನಮ್ಮ ಊರನ್ನು ಆರಿಸಿದ ಕೂಡಲೇ ವಿಂಡೋ ಮುಚ್ಚಿ, ಊರಿನ ಹೆಸರು ಅರ್ಜಿಯೊಳಗೆ ಬಂದು ಕೂರುತ್ತದೆ. ಒಂದು ವಿಂಡೋದ ಜಾವಾಸ್ಕ್ರಿಪ್ಟ್ ಇನ್ನೊಂದರ ಫಂಕ್ಷನ್ನನ್ನು ಕರೆಯುವುದರಿಂದ ಇದು ಸಾಧ್ಯ.

'ವಿಂಡೋ.ಓಪನ್' ಎಂಬ ಆಜ್ಞೆ ಹೊಸ ವಿಂಡೋ ತೆರೆದು, ಅದರ ಹಿಡಿಯನ್ನು ಮೂಲ ಪುಟಕ್ಕೆ ಕೊಡುತ್ತದೆ. ಹೊಸ ವಿಂಡೋಗೂ ತನ್ನನ್ನು ತೆರೆದ ಪುಟ ಯಾವುದೆಂದು ಗೊತ್ತಿರುತ್ತದೆ, ಅದಕ್ಕೆ 'ವಿಂಡೋ.ಓಪನರ್' ಎಂದು ಹೆಸರು. ಇದರ ಮೂಲಕ ಅದು ಮೂಲ ಪುಟದ ಫಂಕ್ಷನ್‌ಗಳನ್ನು ಕರೆಯಬಹುದು.

ಹಾಗಾದರೆ ಯಾವುದೋ ಅಪರಿಚಿತ ಪುಟ ನಮ್ಮ ಬ್ಯಾಂಕಿನ ಪುಟವನ್ನು ತೆರೆದು ಅದರೊಳಗೂ ಕೈ ಹಾಕಬಹುದೇ? ಇಲ್ಲ. ಪ್ರೋಟೋಕಾಲ್, ತಾಣದ ಹೆಸರು, ಪೋರ್ಟ್ ಈ ಮೂರೂ ಒಂದೇ ಆಗಿದ್ದರೆ ಮಾತ್ರ ಬ್ರೌಸರ್ ಒಪ್ಪುತ್ತದೆ. ಒಂದು ಪುಟ ಎಚ್‌ಟಿಟಿಪಿ, ಇನ್ನೊಂದು ಎಚ್‌ಟಿಟಿಪಿಎಸ್ ಆಗಿದ್ದರೂ ಕರೆ ತಡೆಯಲ್ಪಡುತ್ತದೆ.

ಆದರೆ ಈ ಬೇಲಿಯಲ್ಲಿ ಒಂದು ಕಿಂಡಿಯಿದೆ. ಬೇರೆ ತಾಣದ ಪುಟವೂ ತನ್ನನ್ನು ತೆರೆದ ಪುಟದ ವಿಳಾಸವನ್ನು ಬದಲಿಸಬಹುದು. ನಾವು ಹೊಸ ಟ್ಯಾಬ್ ಓದುತ್ತಿರುವಾಗ ಹಳೆಯ ಟ್ಯಾಬ್‌ನಲ್ಲಿ ನಕಲಿ ಲಾಗಿನ್ ಪುಟ ಬಂದಿರಬಹುದು. ನಮ್ಮದೇ ಪುಟವೆಂದು ನಂಬಿ ಪಾಸ್‌ವರ್ಡ್ ಕೊಟ್ಟರೆ ಅದು ಕಳ್ಳರ ಪಾಲು. ಆದ್ದರಿಂದ ಹೊಸ ಟ್ಯಾಬ್‌ನಲ್ಲಿ ತೆರೆಯುವ ಲಿಂಕ್‌ಗಳಿಗೆ ಓಪನರ್ ಸಿಗದಂತೆ ಸಫಾರಿ 2019ರಲ್ಲಿ, ಫೈರ್‌ಫಾಕ್ಸ್ 2020ರಲ್ಲಿ, ಕ್ರೋಮ್ 2021ರಲ್ಲಿ ಮಾಡಿದವು. ಹಳೆಯ ಬ್ರೌಸರ್ ಬಳಸುವವರಿಗೆ ಈ ರಕ್ಷಣೆಯಿಲ್ಲ. ಅವರಿಗಾಗಿ ಲಿಂಕ್‌ನ 'ರೆಲ್' ಗುಣದಲ್ಲಿ 'ನೋಓಪನರ್' ಎಂದು ನಾವೇ ಬರೆಯುವುದು ಲೇಸು.

ಲ್ಯಾಬ್‌ನಲ್ಲಿ ಪ್ರಯತ್ನಿಸುವವರು ಮೂರು ವಿಷಯ ಗಮನಿಸಬೇಕು. ಮೊದಲನೆಯದು, ಪಾಪ್‌ಅಪ್ ತಡೆಯಲ್ಪಟ್ಟರೆ 'ವಿಂಡೋ.ಓಪನ್' ಕೊಡುವುದು 'ನಲ್' ಮಾತ್ರ. ಹಿಡಿ ಸಿಕ್ಕಿದೆಯೇ ಎಂದು ಪರೀಕ್ಷಿಸಿಯೇ ಮುಂದುವರಿಯಿರಿ. ಎರಡನೆಯದು, ಹಿಡಿ ಸಿಕ್ಕಿತೆಂದರೆ ಪುಟ ಪೂರ್ತಿ ಬಂದಿದೆ ಎಂದರ್ಥವಲ್ಲ. ತಕ್ಷಣ ಕರೆದರೆ ಫಂಕ್ಷನ್ ಸಿಗದೇ ಹೋಗಬಹುದು. ಮೂರನೆಯದು, ಫೋಲ್ಡರ್‌ನಿಂದ ನೇರವಾಗಿ ತೆರೆದ ಎರಡು ಫೈಲ್‌ಗಳನ್ನು ಈಗಿನ ಕ್ರೋಮ್ ಮತ್ತು ಫೈರ್‌ಫಾಕ್ಸ್ ಬೇರೆ ಬೇರೆ ತಾಣಗಳೆಂದೇ ಎಣಿಸುತ್ತವೆ. ಕೋಡ್ ಸರಿಯಿದ್ದರೂ ದೋಷ ಬರುತ್ತದೆ. ಪೈಥಾನ್ ಜೊತೆಗೇ ಬರುವ ಪುಟ್ಟ ಸರ್ವರ್ ಮೂಲಕ ತೆರೆದರೆ ಕೆಲಸ ನಡೆಯುತ್ತದೆ.

ಬೇರೆ ತಾಣದೊಡನೆ ಮಾತನಾಡಲೇಬೇಕಾದರೆ 'ಪೋಸ್ಟ್‌ಮೆಸೇಜ್' ಇದೆ. ಇಲ್ಲಿ ಯಾರೂ ಯಾರ ಮನೆಯೊಳಗೂ ನುಗ್ಗುವುದಿಲ್ಲ, ಬಾಗಿಲಲ್ಲಿ ಪತ್ರ ಕೊಡುತ್ತಾರೆ ಅಷ್ಟೆ. ಕಳಿಸುವವರು ಯಾವ ತಾಣಕ್ಕೆಂದು ಸ್ಪಷ್ಟವಾಗಿ ಬರೆಯಬೇಕು. ಪಡೆಯುವವರು 'ಒರಿಜಿನ್' ನೋಡಿ, ಪರಿಚಿತ ತಾಣದಿಂದ ಬಂದಿದ್ದರೆ ಮಾತ್ರ ಒಪ್ಪಬೇಕು. ಈ ಪರೀಕ್ಷೆಯನ್ನು ಬ್ರೌಸರ್ ನಮ್ಮ ಪರವಾಗಿ ಮಾಡುವುದಿಲ್ಲ. ನಮ್ಮ ಪುಟವನ್ನು ನಂಬಿ ಬಂದವರ ಮಾಹಿತಿ ಕಾಯುವ ಆ ಒಂದು ಸಾಲನ್ನು ಕೋಡ್ ಬರೆಯುವ ನಾವೇ ಸೇರಿಸಬೇಕು.